ಬೀಟ್‌ರೂಟ್ ಪಕ್ಕದಲ್ಲಿ

ನವೆಂಬರಿನಲ್ಲಿ ಮೂರನೇ ಮಹಡಿಯ ತಿಮೆಕ್
ಕುಂಡ ತಂದು ನನ್ನ ಬಾಗಿಲ ಮುಂದೆ ನಿಂತ.
"ಸತ್ತಿದೆ," ಅಂದ. "ಹ್ಯಾಮ್ ತಿನ್ನಿಸಿದ್ದೆ."
ಅಂಗೈಯಗಲದ ಕುಂಡ. ನೊಣಬಾಕ ಗಿಡ.
ಹಲ್ಲು ಕಿರಿದ ಬಾಯಿಗಳು ಒಂದೊಂದಾಗಿ ಕಪ್ಪಾಗಿ
ಉರಿದ ಬೆಂಕಿಕಡ್ಡಿಗಳ ಹಾಗೆ ಬಾಗಿದ್ದವು.

ಅಮ್ಮ ಕಸಕ್ಕೆ ಹಾಕು ಎಂದಳಂತೆ.
ಇವನಿಗೆ ಕೈ ಬರಲಿಲ್ಲ.
ರಾತ್ರಿಯಿಡೀ ಎದ್ದಿರುವವಳಿಗೆ
ಇಂಥದ್ದೆಲ್ಲ ಗೊತ್ತಿರುತ್ತದೆ ಎಂದು ಅವನ ಲೆಕ್ಕ.

ನನಗೆ ಗೊತ್ತಿರುವುದು ಲುಬ್ಲಿನ್ ಡಿಪೋದ ರಾತ್ರಿಪಾಳಿ,
ಟ್ರಾಲಿಬಸ್ಸಿನ ನೆತ್ತಿಯ ಮೇಲೆ ಕೂತು
ಸವೆದ ಇದ್ದಿಲತುಂಡು ಬದಲಿಸುವುದು.
ಗಿಡವೆಂದರೆ ಸಬ್ಬಸಿಗೆ, ಅದೂ ಸೂಪಿನಲ್ಲಿ.
ಆದರೂ ಉಗುರುಕತ್ತರಿ ತಂದೆ.
ಕರಿದಾದದ್ದನ್ನೆಲ್ಲ ಬುಡಕ್ಕೆ ಕತ್ತರಿಸಿದೆ,
ಪಾಚಿಮಣ್ಣು ಸರಿಸಿ ಗೆಡ್ಡೆ ಒತ್ತಿ ನೋಡಿದೆ:
ಬೆಳ್ಳುಳ್ಳಿ ಎಸಳಿನಷ್ಟು, ಬಿಳಿ, ಗಟ್ಟಿ.
"ಸತ್ತಿಲ್ಲ ಕಣೋ. ಇದರ ಊರು ಸಮುದ್ರದಾಚೆ,
ಕೆರೊಲಿನಾದ ಜೌಗು. ಅಲ್ಲೂ ಚಳಿಗಾಲವಿದೆ, ಹೀಟರಿಲ್ಲ.
ನೀವು ಮಲಗಲು ಬಿಟ್ಟಿಲ್ಲ ಇದನ್ನ."

ನಾಲ್ಕು ಐದರ ನಡುವೆ ಮೆಟ್ಟಿಲ ಕಿಟಕಿ.
ಅಲ್ಲಿ ಹೀಟರ್ ಕೆಟ್ಟು ಮೂರು ವರ್ಷ.
ಮೊದಲ ಸಲ ಹೌಸಿಂಗ್ ಸೊಸೈಟಿಗೆ ಶಾಪ ಹಾಕದೆ
ಕುಂಡ ಅಲ್ಲಿಟ್ಟೆ. ಐದು ಡಿಗ್ರಿ. ಬೇಕಾದಷ್ಟೇ ಬೆಳಕು.
ನಲ್ಲಿನೀರು ಬೇಡ, ಅದರಲ್ಲಿ ಸುಣ್ಣ:
ಬಾಲ್ಕನಿ ಕಂಬಿಯ ಹಿಮ ಕರಗಿಸಿ ಎರಡು ಚಮಚ.
ಊಟ ಬೇಡ. ಬೆರಳು ಬೇಡ. ಮಾತೂ ಬೇಡ.

ಕೆಳಮನೆಯ ಲ್ಯುದ್ವಿಕ್ ಹತ್ತುವಾಗೊಮ್ಮೆ ಇಳಿವಾಗೊಮ್ಮೆ
ಬಗ್ಗಿ ನೋಡಿ, "ಗ್ರಾಜಿನಾ, ಖಾಲಿ ಕುಂಡಕ್ಕೂ ಕಾವಲೇ?"
"ನೊಣ ಹೊಡೆಯುತ್ತಾ ಕೂತವರು ನೀವು," ಎಂದೆ,
"ಇದು ಅದನ್ನೂ ಬಿಟ್ಟು ಮಲಗಿದೆ."
ಒಂದು ದಿನ ಕುಂಡದಲ್ಲಿ ಸಿಗರೇಟಿನ ತುಂಡು.
ಮರುದಿನ ಅವನೇ ತೆಗೆದಿದ್ದ;
ಬೂದಿಯ ಕಲೆ ಹಾಗೇ ಇತ್ತು.

ಜನವರಿಯ ಎರಡನೇ ವಾರ, ಮೈನಸ್ ಹದಿನೆಂಟು.
ಕಿಟಕಿಯ ಒಳಗಾಜಿನಲ್ಲೂ ಮಂಜು ಬೇರು ಬಿಟ್ಟಿತು.
ಕುಂಡದ ಮಣ್ಣು ಕಲ್ಲಾಗುವ ಸದ್ದು ಕೇಳಿದಂತಾಗಿ
ಪಾಳಿ ಮುಗಿದದ್ದೇ ಬೂಟು ಬಿಚ್ಚದೆ ಮೇಲೋಡಿದೆ.
ಮನೆಯೊಳಗೆ ಬೆಚ್ಚಗಿಟ್ಟರೆ ಎಚ್ಚರವಾಗಿಬಿಡುತ್ತದೆ,
ಇಲ್ಲೇ ಬಿಟ್ಟರೆ ಎಚ್ಚರವೇ ಆಗುವುದಿಲ್ಲ.
ಉಳಿದದ್ದು ಫ್ರಿಜ್ಜು.
ತರಕಾರಿ ಡಬ್ಬಿಯಲ್ಲಿ ಬೀಟ್‌ರೂಟ್ ಪಕ್ಕ,
ಹುಳಿಕೋಸಿನ ಜಾಡಿಗೆ ಆನಿಸಿ,
ತೂತು ಕೊರೆದ ಪ್ಲಾಸ್ಟಿಕ್ಕು ಹೊದಿಸಿ ಬಾಗಿಲು ಹಾಕಿದೆ.
ಒಳಗಿನ ದೀಪ ಆರಿತು. ಆರಿತೆಂದು ನಂಬಬೇಕು, ಅಷ್ಟೆ.

ಹನ್ನೊಂದು ವರ್ಷದಿಂದ ನನ್ನದು ಹಗಲು ನಿದ್ದೆ,
ಅಂದರೆ ನಿದ್ದೆಯೇ ಅಲ್ಲ:
ಪರದೆಯ ಸಂದಿಯಲ್ಲಿ ಬಿಸಿಲಿನ ಚೂರಿ,
ಕೆಳಗೆ ಶಾಲೆಯ ಗಂಟೆ, ಮೇಲೆ ಯಾರದೋ ಡ್ರಿಲ್ಲು,
ರೆಪ್ಪೆಗೆ ರೆಪ್ಪೆ ತಾಗಿದರೂ ನಡುವೆ ಮರಳು.
ಆ ದಿನ ಗೋಡೆಯಾಚೆ ಫ್ರಿಜ್ಜು ಗೊರಕೆ ಶುರುಮಾಡಿತು,
ನಿಲ್ಲಿಸಿತು, ಮತ್ತೆ ಶುರುಮಾಡಿತು.
ಅದರೊಳಗೆ ಕತ್ತಲಲ್ಲಿ ಬೆಳ್ಳುಳ್ಳಿ ಎಸಳಿನಷ್ಟು ಜೀವವೊಂದು
ಏನನ್ನೂ ಹಿಡಿಯದೆ ಇತ್ತು.
ನಾನೂ ಹಿಡಿದದ್ದನ್ನು ಬಿಟ್ಟೆನೋ ಏನೋ,
ಎದ್ದಾಗ ರಾತ್ರಿ. ಪಾಳಿಗೆ ತಡವಾಗಿತ್ತು.

ಮಾರ್ಚಿನಲ್ಲಿ ಮತ್ತೆ ಮೆಟ್ಟಿಲ ಕಿಟಕಿಗೆ.
ಒಂದು ವಾರ ಏನಿಲ್ಲ. ಎರಡನೇ ವಾರ ಅಂಚಿಗೆಲ್ಲ ಹಸಿರುಪಾಚಿ;
ಲ್ಯುದ್ವಿಕ್ ಅದನ್ನೇ ಗಿಡವೆಂದು ಸಂಭ್ರಮಿಸಿದ.
ಆಮೇಲೊಂದು ಬೆಳಿಗ್ಗೆ, ಗುಂಡುಸೂಜಿಯ ತಲೆಯಷ್ಟು
ಮುಚ್ಚಿದ ಮುಷ್ಟಿ, ತುಸು ಕೆಂಪು,
ಇನ್ನೂ ಬಿಡಿಸದ ಹಲ್ಲು.

ತಿಮೆಕನನ್ನು ಕರೆದೆ. ಶಾಲೆಯ ಚೀಲದ ಸಮೇತ
ಎರಡೆರಡು ಮೆಟ್ಟಿಲು ಹಾರಿ ಬಂದ.
ಬಾಯಿ ತೆರೆದಿತ್ತು: ಗಿಡದ್ದಲ್ಲ, ಅವನದು.
ಮುಟ್ಟಲಾ ಎಂದು ಕೇಳಲಿಲ್ಲ.
ಎರಡೂ ಕೈ ಕೋಟಿನ ಜೇಬಿನಲ್ಲಿ; ಒಳಗೆ
ಬೆರಳುಗಳು ಮಿಸುಕಾಡುವುದು ಬಟ್ಟೆಯ ಮೇಲೇ ಕಾಣುತ್ತಿತ್ತು.

"ಶಾಲೆಗೆ ಹೊತ್ತಾಯಿತು, ಹೋಗು," ಎಂದೆ.
ಆಕಳಿಸಿದೆ.