ಸೈಡ್ ವೀಲ್ ಬಿಚ್ಚಿದ ಹೊತ್ತು

ಕಾಗದದಲ್ಲಿ ಅದು ತ್ರಿಚಕ್ರ ವಾಹನ.
ಎಣಿಸಿದರೆ ನಾಲ್ಕು: ಮುಂದೊಂದು, ಹಿಂದೊಂದು,
ಆಚೀಚೆ ಕಂಕುಳಿಗೆ ಕೊಟ್ಟ ಕೋಲಿನ ಹಾಗೆ ಎರಡು.
ತಾಲ್ಲೂಕು ಕಚೇರಿ ಗೇಟಿನಲ್ಲಿ ಹದಿನಾಲ್ಕು ವರ್ಷ
ಅರ್ಜಿ ಬರೆದವಳು ನಾನು;
ಕಾಗದ ಮೂರು ಅಂದರೆ ಮೂರು.

ಸೋಮವಾರ ತುಂಗೆ ಸೇತುವೆ ದಾಟಿ ಏರು ಹಿಡಿದಾಗ
ಎಂಜಿನ್ನು ಕೂಗಿತು, ಗಾಡಿ ಕದಲಲಿಲ್ಲ.
ಇನ್ನಷ್ಟು ತಿರುಪಿದೆ. ಇನ್ನಷ್ಟು ಕೂಗಿತು.
ರಬ್ಬರು ಸುಟ್ಟ ವಾಸನೆ. ಹಿಂದಿನ ಸಿಟಿ ಬಸ್ಸಿನವನು
ಹಾರನ್ನಿನಲ್ಲೇ ನನ್ನ ವಂಶ ವಿಚಾರಿಸಿದ.
ಕೂಗುವುದಕ್ಕೂ ಕದಲುವುದಕ್ಕೂ ನಡುವೆ
ಏನೋ ಒಂದು ಸವೆದಿದೆ ಎಂದು
ಕಚೇರಿ ಕಂಡವಳಿಗೆ ಬೇರೆ ಹೇಳಬೇಕೆ?

ಶೋರೂಮಿನವರು: 'ಸೈಡ್ ವೀಲ್ ಹಾಕಿದ್ದು ನಾವಲ್ಲ ಮೇಡಂ.'
ಸೈಡ್ ವೀಲ್ ಹಾಕಿದವರು: 'ಬೆಲ್ಟು ನಮ್ಮದಲ್ಲ ಅಕ್ಕ.'
ಆಟೋ ಕಾಂಪ್ಲೆಕ್ಸಿನ ಕೊನೇ ಸಾಲಿನಲ್ಲಿ
ಇನಾಯತ್ ಮಾತ್ರ ಬಗ್ಗಿ ನೋಡಿ, ಕವರಿಗೆ ಬೆರಳಲ್ಲಿ ಬಡಿದು
'ಬಿಚ್ಚೋಣ' ಅಂದ.
ರೇಟು ಹೇಳಲಿಲ್ಲ. ಅದೇ ಭಯ.

ಬೆಲ್ಟಿನ ಕವರು ಎಡಕ್ಕೆ. ಅದಕ್ಕಡ್ಡ ಎಡಗಾಲಿಯ ಕಬ್ಬಿಣ.
ಮೊದಲು ಅದು ಬರಬೇಕು. ಅದು ಬಂದರೆ
ಬಲದ್ದೂ ಬರಬೇಕು, ಇಲ್ಲದಿದ್ದರೆ ವಾಲುತ್ತೆ.
ಎರಡನ್ನೂ ಗೋಡೆಗೆ ಒರಗಿಸಿದಾಗ
ನನ್ನ ಗಾಡಿ ಯಾರದೋ ಸ್ಕೂಟರಿನಂತೆ
ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿತು,
ತೆಳ್ಳಗೆ, ಕೊಂಚ ಜಂಬದಲ್ಲಿ.
ಐದು ವರ್ಷದಲ್ಲಿ ಅದನ್ನು ಹಾಗೆ ನೋಡಿರಲಿಲ್ಲ.
ನಾನು ಕ್ಯಾಲಿಪರಿನ ಕೊಂಡಿ ಸಡಿಲಿಸಿ
ಹಳೇ ಟೈರೊಂದರ ಮೇಲೆ ಕೂತೆ, ನೆಲಕ್ಕೆ ಸಮ.

ಎಂಟರ ಸ್ಪ್ಯಾನರಿನಲ್ಲಿ ಬೋಲ್ಟುಗಳು ಬಂದವು.
ಕವರು ತೆಗೆದರೆ ಒಳಗೆಲ್ಲ ಕಾಡಿಗೆ.
ಅಷ್ಟೂ ಬೆಲ್ಟೇ ಅಂತೆ, ಪುಡಿಯಾದದ್ದು.
ಉಳಿದದ್ದನ್ನು ಇನಾಯತ್ ಹಿಂದಕ್ಕೆ ಬಗ್ಗಿಸಿ ತೋರಿಸಿದ:
ಹಲ್ಲಿನ ಸಂದುಸಂದಿಗೆ ಬಿರುಕು,
ಹಿಮ್ಮಡಿಯಲ್ಲಿ ಬೀಳುವಂಥದ್ದು. ನನ್ನದರಲ್ಲಲ್ಲ,
ನಡೆಯುವವರ ಹಿಮ್ಮಡಿಯಲ್ಲಿ.
'ನಂದು ಎರಡನೇ ವರ್ಷಕ್ಕೇ ಹರೀತು ನೋಡು' ಅಂದೆ.
ಇನಾಯತ್ ನಗಲಿಲ್ಲ. ಸ್ಪ್ಯಾನರು ಹಿಡಿದ ಹುಡುಗ ಪರಶು
ನಕ್ಕುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡ.
ನಕ್ಕಿದ್ದಕ್ಕೇ ಅವನಿಗೊಂದು ಬನ್ನು ಕೊಡಿಸಿದೆ.

ಗನ್ನು ಟರ್ರೆಂದಿತು. ನಟ್ಟು ಬಂತು, ವಾಷರು ಹಾರಿತು.
ಎಲ್ಲಿ? ಇನಾಯತ್ ಹುಡುಕಿದ, ಪರಶು ಹುಡುಕಿದ,
ಪಕ್ಕದಂಗಡಿ ಟಿಂಕರನೂ ಬಂದು ಸೊಂಟಕ್ಕೆ ಕೈಯಿಟ್ಟು ಹುಡುಕಿದ.
ನಿಂತವರ ಕಣ್ಣಿಗೆ ನೆಲ ದೂರ.
ಕಂಪ್ರೆಸರಿನ ಅಡಿ, ಸತ್ತ ಜಿರಲೆಯ ಪಕ್ಕ
ಹಳೇ ನಾಲ್ಕಾಣೆಯಂತೆ ಅದು ಮಿನುಗುತ್ತಿತ್ತು.
ಕೈಯೂರಿ ಒಂದು ಮಾರು ಸರಿದು
(ಚೂಡಿದಾರದ ಗ್ರೀಸು ಇನ್ನೂ ಹೋಗಿಲ್ಲ)
ಕೋಲಿನ ತುದಿಯಲ್ಲಿ ಎಳೆದುಕೊಟ್ಟೆ.
ಇನಾಯತ್ ಅದನ್ನು ಅಂಗಿಗೆ ಒರೆಸಿ, ಏನೂ ಅನ್ನದೆ
ಹೊಸ ಬೆಲ್ಟನ್ನು ನನ್ನ ಕೈಗೇ ಕೊಟ್ಟ:
'ಬಾಣ ಯಾವ ಕಡೆಗಿದೆ ಓದಿ ಅಕ್ಕ, ಕನ್ನಡಕ ಮನೇಲಿ.'
ಬಾಣವನ್ನೇನು ಓದುವುದು. ಆದರೂ ಓದಿದೆ,
ಅರ್ಜಿದಾರರಿಗೆ ಕೊನೇ ಸಾಲು ಓದಿ ಹೇಳುವ ಹಾಗೆ, ಗಟ್ಟಿಯಾಗಿ:
'ಮುಂದಕ್ಕೆ.'

ಲೇಬರು ಇನ್ನೂರು ಅಂದ. ಮುನ್ನೂರೈವತ್ತು ಕೊಟ್ಟೆ.
ಐವತ್ತು ವಾಪಸು ತುರುಕಿದ. ನಾನು ಬೇಡ, ಅವನು ಬೇಡ;
ಕಡೆಗೆ ಅದು ಪರಶುವಿನ ಜೇಬಿಗೆ ಬಿತ್ತು.
ಗಾಡಿ ಅದೇ ಏರನ್ನು ಹತ್ತಿತು, ಗೊಣಗದೆ.

ಹಳೇ ಬೆಲ್ಟು ಕೇಳಿ ತಂದಿದ್ದೆ.
ಮೂರು ಸುತ್ತು ಮಡಿಸಿದರೆ ಒಳ್ಳೇ ಸಿಂಬಿ;
ಗೇಟಿನ ಬಳಿ ನನ್ನ ಮೇಜಿನ ಪಕ್ಕದ ಮಡಕೆ
ಈಗ ವಾಲುವುದಿಲ್ಲ.
ಪಹಣಿ ತಿದ್ದುಪಡಿಗೆ ಬಂದವರು ನೀರು ಮೊಗೆಯುತ್ತಾ
'ಇದೆಂತದು ಕಪ್ಪಗೆ?' ಅನ್ನುತ್ತಾರೆ.
'ಹದಿನೆಂಟು ಸಾವಿರ ಕಿಲೋಮೀಟರು' ಅನ್ನುತ್ತೇನೆ.
ಒಮ್ಮೆ ಮಡಕೆ, ಒಮ್ಮೆ ನನ್ನ ಕಾಲು ನೋಡಿ
ಇನ್ನೊಂದು ಲೋಟ ಕುಡಿಯುತ್ತಾರೆ.