ಹಿಕ್ಕೆ ಲೆಕ್ಕ

ಎರಡು ಕಿಲೋಮೀಟರು ನೇರ ಗೆರೆ,
ರಂಗಯ್ಯನದುರ್ಗದ ಕಲ್ಲುಗುಡ್ಡದ ಮೇಲೆ
ಯಾರೋ ಕಚೇರಿಯಲ್ಲಿ ಕೂತು ಎಳೆದದ್ದು.
ಗೆರೆಗೆ ಗೊತ್ತಿಲ್ಲ ಇಲ್ಲೊಂದು ಕೊರಕಲಿದೆಯೆಂದು,
ಕಮರದ ಮುಳ್ಳು ಬೂಟಿನ ಅಟ್ಟೆಗೂ ಹೆದರದೆಂದು.

ಮುಂದೆ ವಾಚರ್ ಸಣ್ಣಪಾಲಯ್ಯ, ಹಿಂದೆ ನಾನು,
ಕೈಯಲ್ಲಿ ನಮೂನೆ ಮೂರು, ಕಿವಿಸಂದಿಯಲ್ಲಿ ಪೆನ್ನು.
ಕಂಡ ಸಮಯ. ದೂರ. ಗಂಡು. ಹೆಣ್ಣು. ಮರಿ.
ಮಾಗಿಯ ಮೂರು ಬೆಳಗು ಕಳೆದವು,
ಖಾನೆಗಳೆಲ್ಲ ಬಿಳಿ.

"ಕೊಂಡುಕುರಿ ಕಣ್ಣಿಗೆ ಬೀಳೋ ಜಾತಿ ಅಲ್ಲ ಮೇಡಂ,
ಹಿಕ್ಕೆ ನೋಡ್ರಿ."
ಬಂದು ಬಂದು ಒಂದೇ ಜಾಗಕ್ಕೆ ಹಾಕಿದ ರಾಶಿ,
ಕಡಲೆಕಾಳಿನಷ್ಟು ಕಪ್ಪು, ಮೇಲಿನದಿನ್ನೂ ಹಸಿ.
ಕುಕ್ಕರಗಾಲಲ್ಲಿ ಕೂತ, ಬೆರಳಲ್ಲಿ ಒಡೆದ, ಮೂಸಿದ:
"ಬಾರೆಹಣ್ಣು ತಿಂದೈತಿ. ನಿನ್ನೆ ರಾತ್ರಿ."

ಒಟ್ಟು ಎಷ್ಟಿರಬಹುದು, ಎಂದೆ.
ಸಂಖ್ಯೆ ಹೇಳಲಿಲ್ಲ, ಮಾತಾಡುತ್ತ ನಡೆದ.

ಬೆಂಕಿ ಬಿದ್ದ ಮರುವರ್ಷ ಹುಲ್ಲು ಮೊಣಕಾಲಿಗೆ ಬಂತಂತೆ,
ಮರಿ ಅಡಗಿಸಲು ಪೊದೆ ಇರಲಿಲ್ಲ.
ಪೊದೆ ಬಂತು ಆಮೇಲೆ, ಬಂದದ್ದು ಲಂಟಾನ,
ಅಡಗಬಹುದು, ತಿನ್ನುವಂತಿಲ್ಲ.
ತೋಳ ಇದ್ದ ಕಾಲಕ್ಕೆ ಊರನಾಯಿ ಅಗಸೆ ದಾಟುತ್ತಿರಲಿಲ್ಲ,
ಈಗ ಕೋಳಿ ಅಂಗಡಿಯ ಹಿಂದೆ ಕೊಬ್ಬಿ
ಹದಿನಾಲ್ಕು ನಾಯಿ ಒಟ್ಟಿಗೆ ಗುಡ್ಡ ಹತ್ತುತ್ತವೆ
ಹಸಿವಿಲ್ಲದೆ.
ಹಿರೇಬೇನೆಯ ವರ್ಷ ಮೊದಲು ಕುರಿಹಟ್ಟಿ ಕೆಮ್ಮಿತು,
ತಿಂಗಳೊಪ್ಪತ್ತಿಗೆ ಕಾಡು ಸುಮ್ಮನಾಯಿತು.
ಬಳ್ಳಾರಿ ಜಾಲಿಯನ್ನು ಇಲ್ಲಿ ಯಾರೂ ನೆಡಲಿಲ್ಲ,
ಕುರಿ ಕಾಯಿ ತಿಂತು, ಮೇಲೆ ಬಂತು, ಹಿಕ್ಕೆ ಹಾಕಿತು.
ಒಂದರ ಹಿಕ್ಕೆ ನಿಮ್ಮ ಲೆಕ್ಕಕ್ಕೆ,
ಇನ್ನೊಂದರದು ಬಿತ್ತನೆಗೆ, ಎಂದು ನಕ್ಕ.

ದೊಣೆಯ ಹತ್ತಿರ ನಿಂತೆವು.
ಬಂಡೆಗೆ ಪಾಚಿ ಒಣಗಿ ಮೂರು ಸುತ್ತು,
ಹಳೇ ಬಿಂದಿಗೆಯ ಒಳಮೈಯ ಹಾಗೆ.
ಕೋಲಿನ ತುದಿಯಿಂದ ಮುಟ್ಟಿ ತೋರಿಸಿದ:
"ಬ್ಯಾಸಿಗ್ಯಾಗ ಇಲ್ಲಿಗಂಟ ನೀರಿದ್ರ ಎರಡು ಮರೀನೂ ಉಳಿತಾವು.
ಇಲ್ಲಿಗಿಳಿದ್ರ ಒಂದು.
ಇದಕ್ಕಿಂತ ತಳಕ್ಕ ಹೋತಂದ್ರ,
ತಾಯಿ ಬ್ಯಾರೆ ಗುಡ್ಡಕ್ಕ ಹೊಕ್ಕತಿ. ಮುಟ್ಟಿದ್ರ ಮುಟ್ತು."
ಮೂರೇ ಗೆರೆ, ಯಾವುದೂ ನೇರವಿಲ್ಲ.
ನನ್ನ ಕೈಯ ನಕ್ಷೆಯಲ್ಲಿ ಯಾವುದೂ ಇಲ್ಲ.

ನಾಲ್ಕನೆಯ ಬೆಳಗು, ಆರು ನಲವತ್ತೆರಡು.
ಮೊದಲು ಒಂದು ಕಿವಿ. ಎಲೆಯಿರಬೇಕು ಅಂದುಕೊಂಡೆ.
ಆಮೇಲೆ ಎಲೆ ನಮ್ಮತ್ತ ತಿರುಗಿತು.
ದೂರ ಮೂವತ್ತು ಮೀಟರು. ಕೋಡಿಲ್ಲ, ಹೆಣ್ಣು.
ಮುಂಗಾಲೆತ್ತಿ ನೆಲ ಮುಟ್ಟದೆ ನಿಂತಿತ್ತು,
ನಾವೆಷ್ಟು ಮಂದಿ ಎಂದು ನೋಡುತ್ತಿದ್ದಿರಬೇಕು.
ಹೊಟ್ಟೆ ದುಂಡಗಿತ್ತು,
ಬಾರೆಹಣ್ಣಿಗೋ, ಬಸಿರಿಗೋ,
ಅದಕ್ಕೆ ಖಾನೆಯಿಲ್ಲ.

ಫೋನು ಮೂರು ಸಲ ಬಂದಿತ್ತು ಜಗಳೂರಿನಿಂದ,
ಸಂಜೆಯೊಳಗೆ ಅಂಕಿ ಬೇಕು ಅಂತ.
ಪೆನ್ನಿನ ಮುಚ್ಚಳ ತೆಗೆದೆ.
ಸಣ್ಣಪಾಲಯ್ಯ ದೊಣೆಯ ಕಡೆ ಕತ್ತು ಹೊರಳಿಸಿ,
ಮೋಡವಿಲ್ಲದ ಮೇಲನ್ನೂ ಒಮ್ಮೆ ನೋಡಿ,
ಜೇಬಿನಿಂದ ಬೀಡಿಯ ಜೊತೆಗಿದ್ದ ತುಂಡೊಂದು ತೆಗೆದು ಕೊಟ್ಟ:
"ಪೆನ್ಸಿಲ್ಲಾಗ ಬರೀರಿ ಮೇಡಂ."