ವಿಳಾಸದ ಕಾಲಂ

ವಿಳಾಸದ ಕಾಲಂ ಖಾಲಿ ಬಿಟ್ಟರೆ
ಕಂಪ್ಯೂಟರ್ ಮುಂದೆ ಹೋಗುವುದಿಲ್ಲ.
ಕೆಂಪು ಚುಕ್ಕೆಯೊಂದು ಮಿಟುಕುತ್ತ ನನ್ನನ್ನೇ ನೋಡುತ್ತದೆ,
ಸಾಲಿನಲ್ಲಿ ಹಿಂದಿನವರು ಗೊಣಗುತ್ತಾರೆ.

'ಮನಿ ಎಲ್ಲಿ, ಅಜ್ಜಾ?'
ರಾಜಾಬಕ್ಷಿ ಕೈಯೆತ್ತಿ ಕಿಟಕಿಯಾಚೆ ತೋರಿಸಿದ,
ದಾವಣಗೆರೆಯ ಯಾವ ದಿಕ್ಕಿಗೂ ಆಗಬಹುದಾದ ಕೈ.
'ಮಂಡಕ್ಕಿ ಭಟ್ಟ್ಯಾಗ ಮಲಗ್ತಿದ್ದೆ. ಕೆಲಸ ಬಿಡಿಸಿದ ಮ್ಯಾಲೆ
ಹಳೇ ಮಿಲ್ಲಿನ ಗೋಡಿ. ಪೊಲೀಸ್ರು ಬಂದ್ರ ಪ್ಲಾಟ್‌ಫಾರ್ಮು.
ಶುಕ್ರವಾರ ದರ್ಗಾ.'
ವಾರಕ್ಕೆ ಮೂರು ವಿಳಾಸ. ಪಿನ್ ಕೋಡ್ ಮಾತ್ರ
ಊರೆಲ್ಲರಂತೆ.

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಕುಬೇರಪ್ಪನವರು
ಇಂಥವರಿಗೆಲ್ಲ ಆಸ್ಪತ್ರೆಯದೇ ವಿಳಾಸ ಹಾಕುತ್ತಿದ್ದರಂತೆ.
ಅವರ ಲೆಕ್ಕದಲ್ಲಿ ನಾನೂರು ಜನ
ನಮ್ಮ ಕಾಂಪೌಂಡಿನೊಳಗೇ ಸಂಸಾರ ಹೂಡಿದ್ದರು.
ಅಷ್ಟು ಧಾರಾಳ ನನಗಿಲ್ಲ. ಇವನೊಬ್ಬನಿಗೆ,
ಊಟದ ಹೊತ್ತು ಮೀರಿತ್ತೆಂದು,
ನನ್ನ ಮನೆಯ ನಂಬರನ್ನೇ ಹೊಡೆದೆ.

ಹದಿನೆಂಟು ದಿನದ ಮೇಲೆ
ಕ್ಷಯರೋಗ ವಿಭಾಗದ ಹುಡುಗಿ ಗುಳಿಗೆಯ ಚೀಲ ಹಿಡಿದು
ನಮ್ಮ ಬಾಗಿಲು ಬಡಿದಳು.
'ರಾಜಾಬಕ್ಷಿ ಅದಾರೇನ್ರೀ?'
ಅತ್ತೆ ಹೊಸ್ತಿಲಲ್ಲೇ ನಿಂತು ನನ್ನತ್ತ ತಿರುಗಿದರು.
ಅವರಿಗೆ ಹೇಳುವುದು ಬಹಳಿತ್ತು.
ಹುಡುಗಿಗೆ ಹೇಳಬೇಕಾದ್ದು ಒಂದೇ:
ನೀನು ಹುಡುಕುವವನನ್ನು
ಕಳೆದವಳು ನಾನು.

ಈಗ ಮತ್ತೆ ಕಿಟಕಿಗೆ ಅವನ ಕೆಮ್ಮು. ಮೊದಲಿಗಿಂತ ಆಳ.
ಕಂಪ್ಯೂಟರಿನಲ್ಲಿ ಕೆಳಗೊಂದು ಹೊಸ ಖಾನೆ ಬಂದಿದೆ,
ಒಂದು ಅಕ್ಷರ, ಮುಂದೆ ಅಂಕಿ.
ಒತ್ತಿದರೆ 'ವಸತಿರಹಿತ' ಎಂದು ತೆರೆಯುತ್ತದೆ.
'ಏನ್ ಬರದ್ರಿ?' ಎಂದ.
ಓದಿ ಹೇಳಿದೆ.
ತಲೆಯ ಟವೆಲ್ ಬಿಚ್ಚಿ, ಕೊಡವಿ, ಮತ್ತೆ ಸುತ್ತಿದ.

'ಇಲ್ಲ ಅಂತ ಬರೀಬ್ಯಾಡ್ರಿ, ಯವ್ವಾ.
ಮಿಲ್ಲಿನ ಹಿಂದಿನ ಗೋಡಿ, ಗೇಟಿನಿಂದ ಮೂರನೇ ಕಂಬ,
ಸಂಜಿ ಏಳರ ಮ್ಯಾಲೆ ಅಂತ ಬರೀರಿ.
ನಾಯಿ ಬೊಗಳ್ತೈತಿ, ಕಡಿಯಂಗಿಲ್ಲ.
ಅದನ್ನೂ ಬರೀರಿ.'

ಖಾನೆಯಲ್ಲಿ ಅಷ್ಟು ಜಾಗವಿರಲಿಲ್ಲ.
ನಲವತ್ತು ಅಕ್ಷರದೊಳಗೆ ಗೋಡೆ ಹಿಡಿಯಿತು, ಕಂಬ ಹಿಡಿಯಿತು,
ನಾಯಿ ಹೊರಗೇ ಉಳಿಯಿತು.
ಅದನ್ನು ಚೀಟಿಯ ಬೆನ್ನಿಗೆ ಪೆನ್ನಿನಲ್ಲಿ ಬರೆದು
ಗುಳಿಗೆಯ ಹುಡುಗಿಗೆ ಕಳಿಸಿದೆ:
ಹೆದರಬೇಡ, ಬೊಗಳಿದರೆ
ಅವನು ಅಲ್ಲಿದ್ದಾನೆ ಎಂದು ತಿಳಿ.

ಕೆಂಪು ಚುಕ್ಕೆ ಆರಿತು.
'ಮುಂದಿನವ್ರು ಬರ್ರಿ.'